ದುಡಿದ ಲಾರಿಗೆ ದಂಡ, ಮಲಗಿದ ಕಾರಿಗೆ ಮಾಲೆ

ವಿಂಟೇಜ್ ಕಾರುಗಳ ಮೆರವಣಿಗೆ ನಡೆದ ಮರುದಿನ ಪತ್ರಿಕೆಗಳಲ್ಲಿ ಬರುವ ಚಿತ್ರವನ್ನು ನೀವೂ ನೋಡಿರುತ್ತೀರಿ. ಹಿಂದೆ ವಿಧಾನಸೌಧ, ಮುಂದೆ ಮದುಮಗನಂತೆ ತೊಳೆದು ಒರೆಸಿ ನಿಲ್ಲಿಸಿದ ಕಾರು, ಪಕ್ಕದಲ್ಲಿ ಹಸಿರು ಬಾವುಟ ಹಿಡಿದ ಗಣ್ಯರು. ಈ ಚಿತ್ರ ಅಚ್ಚಾದಾಗಲೆಲ್ಲ ತಿಪಟೂರಿನ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಮಾವನವರು ತಪ್ಪದೆ ನನಗೆ ಫೋನ್ ಮಾಡಿ, "ನಮ್ಮದೂ ಐವತ್ತು ದಾಟಿಲ್ಲವೇನಯ್ಯಾ?" ಎಂದು ಕೇಳುತ್ತಾರೆ.

ಅವರು ಕೇಳುವುದು ತಮ್ಮ 1966ರ ಲಾರಿಯ ಬಗ್ಗೆ. ಈಗ ಟಾಟಾ ಮೋಟರ್ಸ್ ಎನಿಸಿಕೊಂಡಿರುವ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸಿ, 1969ರಲ್ಲಿ ಒಪ್ಪಂದ ಮುಗಿದ ಮೇಲೆ ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರವನ್ನು ಕೀಳಿ 'ಟಿ' ಅಕ್ಷರವನ್ನು ಕೂರಿಸಿತಲ್ಲ, ಆ ನಕ್ಷತ್ರದ ಕಾಲದ ಲಾರಿ ಅದು. ನಂಬರು ಕೂಡ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರುವ ಮೊದಲಿನ 'ಎಂವೈ' ಸರಣಿಯದು. ಊರಿನವರಿಗೆ ಇಂದಿಗೂ ಅದು ಬೆಂಜ್ ಲಾರಿ. ಬೆಂಗಳೂರಿನಲ್ಲಿ ಬೆಂಜ್ ಇಟ್ಟುಕೊಂಡವರನ್ನು ಕಂಡರೆ ಮಾವನವರಿಗೆ ಅಸೂಯೆಯಿಲ್ಲ. ಅವರ ಬೆಂಜಿನಲ್ಲಿ ಕೊಬ್ಬರಿ ಚೀಲ ಹಿಡಿಯುವುದಿಲ್ಲವೆಂಬ ಕನಿಕರವಷ್ಟೇ ಇದೆ.

ಐವತ್ತು ದಾಟಿದ್ದೇನೋ ನಿಜ, ಆದರೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ವಯಸ್ಸೊಂದೇ ಸಾಲದು. ವಾಹನ ಸ್ವಂತ ಬಳಕೆಯದಾಗಿರಬೇಕು, ಎರಡೋ ನಾಲ್ಕೋ ಚಕ್ರದ್ದಾಗಿರಬೇಕು. ನಮ್ಮ ಲಾರಿಗೆ ಬಾಡಿಗೆ ದುಡಿದ ಕಳಂಕವೂ ಇದೆ, ಹಿಂದುಗಡೆ ಎರಡು ಚಕ್ರಗಳು ಹೆಚ್ಚಾಗಿಯೂ ಇವೆ. ಗ್ಯಾರೇಜಿನಲ್ಲಿ ಮಖಮಲ್ಲಿನ ಹೊದಿಕೆಯಡಿ ಮಲಗಿದ್ದ ಕಾರು 20,000 ರೂಪಾಯಿ ಕಟ್ಟಿ 'ವಿಎ' ಎಂಬ ಅಕ್ಷರಗಳುಳ್ಳ ವಿಶೇಷ ನಂಬರು ಪಡೆದರೆ ಹತ್ತು ವರ್ಷ ನಿಶ್ಚಿಂತೆ. ಅದು ದಿನನಿತ್ಯ ರಸ್ತೆಯಲ್ಲಿ ಓಡಾಡುವಂತಿಲ್ಲ ಎಂಬುದೂ ನಿಯಮದಲ್ಲಿದೆ, ಅಂದರೆ ಓಡದಿರುವುದೇ ಅದರ ಅರ್ಹತೆ. ಲಾರಿಗಾದರೋ ಎಂಟು ವರ್ಷ ತುಂಬಿದ ಮೇಲೆ ವರ್ಷ ವರ್ಷವೂ ಎಫ್‌ಸಿ, ಅಂದರೆ ರಸ್ತೆಯಲ್ಲಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಮಾಡಿಸಬೇಕು, ಮತ್ತು 2025ರ ನವೆಂಬರಿನ ಅಧಿಸೂಚನೆಯಂತೆ ಇಪ್ಪತ್ತು ದಾಟಿದ ಭಾರಿ ವಾಹನದ ಎಫ್‌ಸಿಗೆ 25,000 ರೂಪಾಯಿ. ಹತ್ತು ವರ್ಷಕ್ಕೆ ಕಾರಿನವರು ಇಪ್ಪತ್ತು ಸಾವಿರ ಕೊಟ್ಟರೆ ಕೊಬ್ಬರಿಯವರು ಎರಡೂವರೆ ಲಕ್ಷ ಕೊಡಬೇಕು. ಪರಂಪರೆಯ ಮೇಲೆ ಸರ್ಕಾರಕ್ಕಿರುವ ಪ್ರೀತಿಯನ್ನು ಇಷ್ಟು ಕರಾರುವಾಕ್ಕಾಗಿ ರೂಪಾಯಿಯಲ್ಲಿ ತಿಳಿಸಿದ ನಿಯಮ ಇನ್ನೊಂದಿರಲಾರದು.

ಇಷ್ಟಾದರೂ ಮಾವನವರು ಲಾರಿಯನ್ನು ರಸ್ತೆಗಿಳಿಸಿಯೇ ತೀರುತ್ತೇನೆಂದು ಹಟ ಹಿಡಿದರು. ಎಂಜಿನಿನ ಚಿಂತೆಯಿರಲಿಲ್ಲ. ಆರು ಸಿಲಿಂಡರಿನ ಆ ಡೀಸೆಲ್ ಎಂಜಿನ್ನು, ಹನ್ನೊಂದು ವರ್ಷ ಹಲಸಿನ ಮರದ ಕೆಳಗೆ ನಿಂತಿದ್ದರೂ, ಬ್ಯಾಟರಿ ಹಾಕಿ, ಎಂಜಿನ್ನನ್ನು ಬೆಚ್ಚಗಾಗಿಸುವ ಹೀಟರ್ ಗುಂಡಿ ಒತ್ತಿ ಹಿಡಿದು ಇಪ್ಪತ್ತು ಎಣಿಸಿದರೆ ಕೆಮ್ಮಿಕೊಂಡು ಎದ್ದುಬಿಡುತ್ತಿತ್ತು. ಅದರ ಡೀಸೆಲ್ ಪಂಪು ಬೆಂಗಳೂರಿನ ಆಡುಗೋಡಿಯ ಮೈಕೊ ಕಂಪನಿಯದ್ದು, ಅದಕ್ಕೆ ಕೈಹಚ್ಚುವವರು ಹಾಸನದಲ್ಲೂ ಸಿಗುತ್ತಾರೆ, ಹುಬ್ಬಳ್ಳಿಯಲ್ಲೂ ಸಿಗುತ್ತಾರೆ. ತೊಂದರೆಯಿದ್ದದ್ದು ಕೆಳಗೆ. ಮುಂದಿನ ಚಕ್ರ ಆಚೀಚೆ ತಿರುಗಲು ಆಧಾರವಾದ ಕಿಂಗ್ ಪಿನ್ ಎಂಬ ಗೂಟ ಸವೆದು, ಆ ಚಕ್ರ ಮೂಡಲಪಾಯ ಯಕ್ಷಗಾನದ ರಾಕ್ಷಸ ವೇಷದಂತೆ ಕುಣಿಯುತ್ತಿತ್ತು, ಬ್ರೇಕಿನ ಸಿಲಿಂಡರುಗಳಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಕಪ್ಪುಗಳು ಹಪ್ಪಳವಾಗಿದ್ದವು.

ಹೀಗಾಗಿ ನಾನು ವಾಹನಗಳ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯ ಯಾತ್ರೆ ಕೈಗೊಂಡೆ. ಅಲ್ಲಿ ಅಂಗಡಿಯವರು ತಲೆಯೆತ್ತದೆ ಕೇಳುವ ಮೊದಲ ಪ್ರಶ್ನೆ "ಮಾಡೆಲ್?" ಎಂಬುದು. 1966 ಎಂದ ಕೂಡಲೇ ತಲೆಯೆತ್ತಿ, ಲಾರಿಯನ್ನಲ್ಲ, ನನ್ನನ್ನು ಪರೀಕ್ಷಿಸುತ್ತಿದ್ದರು. ಒಬ್ಬರು "ಅಪ್ಪ ಇದ್ದಿದ್ದರೆ ಹುಡುಕಿಕೊಡುತ್ತಿದ್ದರು" ಎಂದು ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ತೋರಿಸಿದರು. ನಾನೂ ಕೈಮುಗಿದು ಬಂದೆ. ಇನ್ನೊಬ್ಬರು ಬಿಡಿಭಾಗಗಳ ವರ್ಣವ್ಯವಸ್ಥೆಯನ್ನು ವಿವರಿಸಿದರು: ಒರಿಜಿನಲ್ ಇದೆ, ಒರಿಜಿನಲ್ಲೇ ಆದರೆ ಲೋಕಲ್ ಇದೆ, ಲೋಕಲ್ಲೇ ಆದರೆ ಗ್ಯಾರಂಟಿ ಇರುವುದೂ ಇದೆ. ಗ್ಯಾರಂಟಿ ಎಷ್ಟು ದಿನದ್ದೆಂದು ಕೇಳಿದರೆ "ಈ ರಸ್ತೆ ತಿರುಗುವವರೆಗೆ" ಎಂದು ಪ್ರಾಮಾಣಿಕವಾಗಿ ನಕ್ಕರು.

ಕಿಂಗ್ ಪಿನ್ ಕೊನೆಗೆ ಸಿಕ್ಕಿದ್ದು ಗುಜರಿಯಲ್ಲಿ, ಅದೂ ತಕ್ಕಡಿಯಲ್ಲಿ. ಅಲ್ಲಿನ ಮುದುಕರು ಕಬ್ಬಿಣದ ಗುಡ್ಡೆಯೊಳಗೆ ಮೊಣಕೈವರೆಗೆ ಕೈಹಾಕಿ, ಕಣ್ಣು ಮುಚ್ಚಿ ಬರೀ ಬೆರಳಿನಿಂದಲೇ ಸವರಿ, "ಇದು ಬೆಂಜ್, ಇದು ಬೆಡ್‌ಫೋರ್ಡ್, ಇದು ಫಾರ್ಗೊ" ಎಂದು ಎತ್ತಿಡುತ್ತಿದ್ದುದನ್ನು ನೋಡಿದಾಗ ನಮ್ಮ ವಸ್ತುಸಂಗ್ರಹಾಲಯಗಳ ಕ್ಯುರೇಟರುಗಳನ್ನು ಆರು ತಿಂಗಳು ಇವರ ಬಳಿ ಬಿಡಬೇಕೆನಿಸಿತು. ರಬ್ಬರ್ ಕಪ್ಪು ಮಾತ್ರ ಆ ಅಳತೆಯದು ಎಲ್ಲಿಯೂ ಸಿಗಲಿಲ್ಲ. ಲೇತ್ ಅಂಗಡಿಯವನು ಸ್ವಲ್ಪವೂ ವಿಚಲಿತನಾಗದೆ, ಸಿಗುವ ಕಪ್ಪಿನ ಅಳತೆಗೆ ಸಿಲಿಂಡರಿನೊಳಗೆ ಸ್ಲೀವ್ ಎಂಬ ಒಳಕೊಳವೆ ಕೂರಿಸಿದ. ಟೋಪಿಗೆ ತಕ್ಕಂತೆ ತಲೆಯನ್ನೇ ಕೆತ್ತುವ ಈ ವಿದ್ಯೆಯಿಂದಲೇ ಲಾರಿ ನಿಂತಿತು. ನಿಂತಿತು ಎಂದರೆ, ಬ್ರೇಕ್ ಒತ್ತಿದಾಗ ನಿಂತಿತು.

ಇನ್ನು ಉಳಿದದ್ದು ಕಾಗದದ ರಿಪೇರಿ. ಒಂದು ಕಚೇರಿಯಲ್ಲಿ ಕಂಪ್ಯೂಟರು ನಮ್ಮ ಹಳೆಯ ನಂಬರನ್ನು ಒಪ್ಪಲಿಲ್ಲ. ಷಾಸಿ ನಂಬರು ಗಿಡ್ಡವಾಯಿತೆಂದು ಅದು ಕೆಂಪು ಅಕ್ಷರದಲ್ಲಿ ಆಕ್ಷೇಪಿಸಿತು. ಅದನ್ನು ಬ್ಯಾಕ್‌ಲಾಗಿನಲ್ಲಿ, ಅಂದರೆ ಹಳೆಯ ದಾಖಲೆಯಾಗಿ ಕಂಪ್ಯೂಟರಿಗೆ ಏರಿಸಲು ನಾಲ್ಕು ಸಲ ಹೋಗಬೇಕಾಯಿತು. ಅನಂತರ ತಿಳಿದದ್ದು, ಗಂಟೆಗೆ 80 ಕಿಲೋಮೀಟರ್ ಮೀರದಂತೆ ವೇಗನಿಯಂತ್ರಕ ಹಾಕಿಸಬೇಕೆಂಬುದು. ಐವತ್ತು ದಾಟಿದರೆ ಎಡಗಡೆಯ ಬಾಗಿಲು ತಾನಾಗಿ ತೆರೆದುಕೊಳ್ಳುವ ಲಾರಿಗೆ ಈ ಎಚ್ಚರಿಕೆ, ಏಕಾದಶಿಯ ಉಪವಾಸದಲ್ಲಿರುವವನಿಗೆ ಎರಡನೇ ಸಲ ಬಡಿಸಿಕೊಳ್ಳಬೇಡವೆಂದು ಹೇಳಿ ಶುಲ್ಕ ಕೇಳಿದಂತಿತ್ತು.

ನಮ್ಮ ಪಾಡು ನೋಡಿದ ಒಬ್ಬ ಹಿತೈಷಿ, ಲಾರಿಯನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯಿರಿ, ಹೊಸದಕ್ಕೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ ಎಂದರು. ವಿಚಾರಿಸಿದರೆ ಅಲ್ಲಿಯೂ ಪಂಕ್ತಿಭೇದ: ಸ್ವಂತ ಕಾರು ಒಪ್ಪಿಸಿದವರಿಗೆ ಗರಿಷ್ಠ ಶೇಕಡಾ 25, ಸಾರಿಗೆ ವಾಹನದವರಿಗೆ ಗರಿಷ್ಠ ಶೇಕಡಾ 15. ಬದುಕಿದ್ದಾಗ ಹೆಚ್ಚು ಕೊಟ್ಟವನಿಗೆ ಸತ್ತಾಗ ಕಡಿಮೆ ಎಂಬ ಲೆಕ್ಕ ಯಾರಿಗೆ ಹೊಳೆಯಿತೋ ಕಾಣೆ.

ಹಳೆಯ ಲಾರಿಗಳು ಹೊಗೆ ಉಗುಳುತ್ತವೆ, ಬ್ರೇಕಿಲ್ಲದವು ಜನರನ್ನು ಕೊಲ್ಲುತ್ತವೆ ಎಂಬುದು ನನಗೂ ಗೊತ್ತು. ಬ್ರೇಕು ಹಿಡಿಯದ ಲಾರಿಯನ್ನು ರಸ್ತೆಗೆ ಬಿಡಬೇಡಿ, ಅದು ನಮ್ಮ ಮಾವನವರದೇ ಆದರೂ ಬಿಡಬೇಡಿ. ಆದರೆ ಶುಲ್ಕ ಏರಿಸಿದರೆ ಬ್ರೇಕು ಹೆಚ್ಚು ಹಿಡಿಯುವುದಿಲ್ಲ. ಪರೀಕ್ಷೆ ಮಾಡಿ, ಕೆಟ್ಟಿದ್ದರೆ ಫೇಲು ಮಾಡಿ. ಪರೀಕ್ಷೆಗೆ ಕೂರುವ ಮೊದಲೇ ವಯಸ್ಸು ನೋಡಿ ಜುಲ್ಮಾನೆ ಹಾಕುವುದು ಎಂಥ ಪರೀಕ್ಷೆ? ಶಾಯಿಯ ವಾಸನೆ ಹೋಗದ ಹೊಸ ಎಫ್‌ಸಿ ಇಟ್ಟುಕೊಂಡೇ ಮಿತಿಗೆ ಮೀರಿ ಜಲ್ಲಿ ತುಂಬಿದ ಟಿಪ್ಪರುಗಳು ಶಾಲೆ ಬಿಡುವ ಹೊತ್ತಿಗೆ ನಮ್ಮೂರಿನ ಮಧ್ಯದಲ್ಲಿ ಹಾದುಹೋಗುತ್ತವೆ. ಅವುಗಳಿಗೆ ವಯಸ್ಸಾಗಿಲ್ಲ. ಇದನ್ನು ಬರೆಯುವಾಗ ತಮಾಷೆ ಮಾಡುವ ಮನಸ್ಸಾಗುವುದಿಲ್ಲ. ನಿಜ ಹೇಳಬೇಕೆಂದರೆ ಸಾಕಾಗಿದೆ.

ಲಾರಿ ಈಗ ಮತ್ತೆ ಹಲಸಿನ ಮರದ ಕೆಳಗಿದೆ. ಕಳೆದ ತಿಂಗಳು ಬೆಂಗಳೂರಿನಿಂದ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಒಂದು ಜೋಡಿ ಬಂದಿತ್ತು. 'ವಿಂಟೇಜ್ ಲುಕ್' ಇದೆಯೆಂದು ಅರ್ಧ ದಿನಕ್ಕೆ ಮೂರು ಸಾವಿರ ಕೊಡಲು ಒಪ್ಪಿದರು. ಫೋಟೋದವನ ಚೀಲದಲ್ಲಿ ಬಣ್ಣದ ಹೊಗೆ ಬಿಡುವ ಡಬ್ಬಿಗಳಿದ್ದವು. ಎಂಜಿನ್ನು ಶುರುವಾಗುತ್ತದೆಯೇ ಎಂದು ಅವನು ಕೇಳಿದ. ಮಾವನವರು ಒಳಗೆ ಕೂತು, ಹೀಟರ್ ಒತ್ತಿ, ಇಪ್ಪತ್ತರವರೆಗೆ ಎಣಿಸಿದರು. ಹುಡುಗ ಹುಡುಗಿ ಇಬ್ಬರೂ ಕಪ್ಪು ಮೋಡದೊಳಗೆ ಮಾಯವಾದರು. ಫೋಟೋದವನು ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, "ಅಜ್ಜಾ, ಇನ್ನೊಂದು ಸಲ" ಎಂದ.