ಹಳೇ ಸೆಲೆರಾನ್ ಲ್ಯಾಪ್‌ಟಾಪ್‌ಗೆ ಪಿನ್ ಮಾಡ್: ಮಾಡಬೇಕಾ, ಬೇಡವಾ?

ಪರ: ಬೋರ್ಡ್ ಕೊಡೋಕೆ ರೆಡಿ ಇದೆ, ಇಸ್ಕೊಳ್ಳಿ

ಪಿನ್ ಮಾಡ್ ಅಂದರೆ ಪ್ರೊಸೆಸರ್ ಚಿಪ್ಪಿನ ಪಿನ್ನಿನಲ್ಲಿ ಕೈಯಾಡಿಸಿ ಅದರ ವೇಗ ಏರಿಸುವುದು. ಇಲ್ಲಿ ಆ ಚಿಪ್ ಇಂಟೆಲ್‌ನ ಸೆಲೆರಾನ್ ಎಂ 420. 2006ರ ಹೊತ್ತಿಗೆ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬರುತ್ತಿದ್ದ ಚಿಪ್, ವೇಗ 1.6 ಗಿಗಾಹರ್ಟ್ಜ್. ಈ 1.6 ಎಲ್ಲಿಂದ ಬಂತು ಅಂತ ನೋಡಿದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ. ಮದರ್‌ಬೋರ್ಡ್ 133 ಮೆಗಾಹರ್ಟ್ಜ್ ಕ್ಲಾಕ್, ಅಂದರೆ ಕೆಲಸದ ತಾಳ, ಕೊಡುತ್ತದೆ, ಚಿಪ್ ಅದನ್ನು 12ರಿಂದ ಗುಣಿಸಿಕೊಳ್ಳುತ್ತದೆ. ಆ 12 ಲಾಕ್ ಆಗಿದೆ, ಮುಟ್ಟೋಕಾಗುವುದಿಲ್ಲ. ಆನ್ ಆಗುವಾಗ ಸಿಗುವ ಸೆಟ್ಟಿಂಗ್ ಪರದೆಯಲ್ಲಿ, ಅಂದರೆ ಬಯಾಸ್‌ನಲ್ಲಿ, ಹುಡುಕಿದರೆ ಗಡಿಯಾರ ಸರಿ ಮಾಡುವುದು ಬಿಟ್ಟು ಇನ್ನೇನೂ ಇರುವುದಿಲ್ಲ. ಆದರೆ 133 ಮಾತ್ರ ಚಿಪ್ ಕೇಳಿದ್ದಕ್ಕೆ ಬೋರ್ಡ್ ಕೊಟ್ಟದ್ದು. ಬಿಎಸ್‌ಇಎಲ್ ಅನ್ನುವ ಮೂರು ಪಿನ್‌ಗಳಿವೆ, ಚಿಪ್ ಕೇಳುವುದು ಅವುಗಳ ಮೂಲಕ. ಅದರಲ್ಲಿ ಒಂದೇ ಒಂದು ಪಿನ್ನಿನ ಸಂಕೇತ 0ಯಿಂದ 1ಕ್ಕೆ ಬದಲಾದರೆ ಬೋರ್ಡ್ 166 ಕೊಡುತ್ತದೆ. 166ನ್ನು 12ರಿಂದ ಗುಣಿಸಿ, ಹತ್ತಿರಹತ್ತಿರ 2 ಗಿಗಾಹರ್ಟ್ಜ್. ಖರ್ಚು? ಚಿಪ್ಪಿನ ಬಿಸಿ ಹೊರಹೋಗಲಿ ಅಂತ ಹಚ್ಚುವ ಥರ್ಮಲ್ ಪೇಸ್ಟ್ ದುಡ್ಡು.

"ಚಿಪ್ ಸುಟ್ಟುಹೋಗುತ್ತೆ" ಅಂತ ಹೆದರಿಸುವವರಿಗೆ ಒಂದು ಮಾತು. ಇದೇ ಕುಟುಂಬದ ಸೆಲೆರಾನ್ ಎಂ 450ನ್ನು ಇಂಟೆಲ್ ತಾನೇ 2 ಗಿಗಾಹರ್ಟ್ಜ್ ಅಂತ ಬರೆದು ಮಾರಿತ್ತು. ಇನ್ನು ಬೋರ್ಡಿನ ವಿಷಯ. ಚಿಪ್ಪಿಗೂ ಬೋರ್ಡಿಗೂ ನಡುವೆ ಮಾಹಿತಿ ಓಡುವ ದಾರಿಗೆ ಬಸ್ ಅನ್ನುತ್ತಾರೆ, ಅದನ್ನು ನಡೆಸುವುದು ಬೋರ್ಡಿನ ಚಿಪ್‌ಸೆಟ್. 945ಜಿಎಂ ಚಿಪ್‌ಸೆಟ್ ಇದ್ದರೆ ಅದು 667 ಬಸ್‌ಗೆ, ಅಂದರೆ 166ರ ನಾಲ್ಕು ಪಟ್ಟಿಗೆ, ಕಂಪನಿಯೇ ಒಪ್ಪಿದ ಬೋರ್ಡ್. ಅದರ ಮೇಲೆ ನಾವು ಯಾವ ದಬ್ಬಾಳಿಕೆಯನ್ನೂ ಮಾಡುತ್ತಿಲ್ಲ. ಇದೇನು ಹೊಸ ಆಟವೂ ಅಲ್ಲ. 1998ರಲ್ಲಿ ಸೆಲೆರಾನ್ 300ಎ ಕೊಂಡವರು ಬಸ್ಸನ್ನು 66ರಿಂದ 100ಕ್ಕೆ ಏರಿಸಿ 450 ಮೆಗಾಹರ್ಟ್ಜ್ ಓಡಿಸಿಕೊಂಡರು. ಡೆಸ್ಕ್‌ಟಾಪ್‌ನವರಿಗೆ ಬೋರ್ಡಿನಲ್ಲೇ ಸೆಟ್ಟಿಂಗ್ ಇತ್ತು, ಲ್ಯಾಪ್‌ಟಾಪ್‌ನವರು ಪಿನ್ ಹುಡುಕಬೇಕು, ಅಷ್ಟೇ ವ್ಯತ್ಯಾಸ.

ಕೆಲಸ ನಾಜೂಕಿನದ್ದು, ಸುಳ್ಳು ಹೇಳುವುದಿಲ್ಲ. ಚಿಪ್ ಮೇಲಿನ ಬಿಸಿ ಎಳೆಯುವ ಹೀಟ್‌ಸಿಂಕ್ ತೆಗೆಯಬೇಕು, ಚಿಪ್ ಕೂರುವ ಸಾಕೆಟ್ ಪಕ್ಕದ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ಚಿಪ್ ಎತ್ತಬೇಕು. ಆಮೇಲೆ ಚಿಪ್ ನೋಡಿಕೊಂಡು ಎರಡರಲ್ಲೊಂದು. ಒಂದೋ ಆ ಪಿನ್ ಸಾಕೆಟ್ಟಿಗೆ ತಾಗದ ಹಾಗೆ ಮಾಡಬೇಕು, ಇಲ್ಲವೇ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯನ್ನು ಯು ಆಕಾರಕ್ಕೆ ಬಗ್ಗಿಸಿ ಸಾಕೆಟ್ಟಿನ ಎರಡು ತೂತಿಗೆ ಇಳಿಸಬೇಕು. ಯಾವುದು ಅಂತ ಡೇಟಾಶೀಟ್, ಅಂದರೆ ಚಿಪ್ಪಿನ ಪಿನ್‌ಗಳ ವಿವರ ಇರುವ ಕಂಪನಿ ದಾಖಲೆ, ನೋಡಿಯೇ ತೀರ್ಮಾನಿಸಿ. ನೋಡುವಾಗ ಚಿತ್ರ ಮೇಲಿನಿಂದ ಕಾಣುವ ಹಾಗೆ ಬರೆದದ್ದಾ, ಕೆಳಗಿನಿಂದಲಾ ಅನ್ನೋದನ್ನೂ ನೋಡಿ. ಚಿಪ್ ಮಗುಚಿ ಹಿಡಿದರೆ ಎಡ ಬಲ ಅದಲುಬದಲಾಗುತ್ತದೆ, ಹೆಚ್ಚಿನವರು ಎಡವುವುದು ಅಲ್ಲೇ. ರ‍್ಯಾಮ್ ಕೂಡ 667ರದ್ದೇ ಇರಲಿ. ಆನ್ ಆಗಲಿಲ್ಲವಾ? ಮಾಡಿದ್ದನ್ನು ಬಿಚ್ಚಿ, ಮೊದಲಿನ ಹಾಗೇ ಕೂರಿಸಿ.

ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಲ್ಯಾಪ್‌ಟಾಪ್ ತಾನೇ? ಅದರ ಮೇಲೆ ಕೈ ಪಳಗಿಸಿಕೊಳ್ಳದೆ ಇನ್ನಾವುದರ ಮೇಲೆ ಪಳಗಿಸಿಕೊಳ್ಳುತ್ತೀರಿ?

ವಿರೋಧ: ಏರಿಸಬೇಕಾದ್ದು ಅದಲ್ಲ

ಪಿನ್ ಹುಡುಕುವ ಖುಷಿ ನನಗೂ ಗೊತ್ತು. ಆದರೆ ಈ ಲ್ಯಾಪ್‌ಟಾಪ್ ನಿಧಾನ ಆಗಿರುವುದು 1.6ರಿಂದ ಅಲ್ಲ. ಲೆಕ್ಕ ಮಾಡುವ ಕೋರ್ ಒಂದೇ, ಚಿಪ್ಪಿನೊಳಗಿನ ವೇಗದ ಮೆಮೊರಿ (ಕ್ಯಾಶ್) 1 ಎಂಬಿ, ಕರಕರ ಅನ್ನುವ ಹಾರ್ಡ್ ಡಿಸ್ಕ್. ಬ್ರೌಸರ್ ತೆರೆದಾಗ ಚಿಪ್ ಬಹಳ ಹೊತ್ತು ಡಿಸ್ಕಿಗೆ ಕಾಯುತ್ತಾ ಕೂತಿರುತ್ತದೆ. 2 ಗಿಗಾಹರ್ಟ್ಜ್ ಮಾಡಿದರೆ ಇನ್ನೂ ಜೋರಾಗಿ ಕಾಯುತ್ತದೆ, ಅಷ್ಟೇ.

ಅದಕ್ಕಿಂತ ದೊಡ್ಡ ತೊಡಕು, ಪರ ವಾದಿಗಳು ಬಾಯಿಬಿಡದ್ದು: ಈ ಚಿಪ್ 32 ಬಿಟ್, ಈಗಿನ ಸಾಫ್ಟ್‌ವೇರ್ ಹೆಚ್ಚಾಗಿ ಕೇಳುವುದು 64 ಬಿಟ್ ಚಿಪ್. ಲಿನಕ್ಸ್‌ನಲ್ಲಿ 32 ಬಿಟ್ ಕ್ರೋಮ್‌ಗೆ ಗೂಗಲ್ 2016ರಲ್ಲೇ ಬಾಗಿಲು ಹಾಕಿತು, ಉಬುಂಟು ಡೆಸ್ಕ್‌ಟಾಪಿನ 32 ಬಿಟ್ ಇನ್‌ಸ್ಟಾಲರ್ ಮುಂದಿನ ವರ್ಷವೇ ನಿಂತಿತು. ಯಾವ ತಂತಿ ಇಳಿಸಿದರೂ 32 ಬಿಟ್ 64 ಆಗುವುದಿಲ್ಲ.

ಬಿಸಿಯ ಲೆಕ್ಕವನ್ನೂ ನೋಡೋಣ. ವೋಲ್ಟೇಜ್ ಅಷ್ಟೇ ಇದ್ದರೂ ಕ್ಲಾಕ್ ಕಾಲು ಭಾಗ ಏರಿದರೆ, ಚಿಪ್ ದುಡಿಯುವಾಗ ಹುಟ್ಟುವ ಶಾಖವೂ ಹೆಚ್ಚುಕಮ್ಮಿ ಕಾಲು ಭಾಗ ಏರುತ್ತದೆ. ಸೆಲೆರಾನ್ ಎಂನಲ್ಲಿ ಸ್ಪೀಡ್‌ಸ್ಟೆಪ್ ಇಲ್ಲ. ಕೆಲಸ ಕಡಿಮೆ ಇದ್ದಾಗ ತಾನಾಗಿ ವೇಗ ಇಳಿಸಿಕೊಳ್ಳುವ ಬುದ್ಧಿ ಅದಕ್ಕಿಲ್ಲ. ಫ್ಯಾನ್ ಸದ್ದು ಜಾಸ್ತಿ, ಬ್ಯಾಟರಿ ಮೊದಲೇ ಸತ್ತಿದೆ. 450 ಕೂಡ 2 ಗಿಗಾಹರ್ಟ್ಜ್ ತಾನೇ ಅಂದರೆ, ಹೌದು, ಆದರೆ ಅದು ಆ ವೇಗಕ್ಕೆ ಪರೀಕ್ಷೆಯಾಗಿ ಹೊರಬಂದ ಚಿಪ್. ನಿಮ್ಮ ಕೈಯಲ್ಲಿರುವುದು ಹಾಗೆ ಪರೀಕ್ಷೆಯಾದದ್ದಲ್ಲ. ಆನ್ ಆಗಲೇ ಇಲ್ಲ ಅಂದರೆ ಪುಣ್ಯ, ಬಿಚ್ಚಬಹುದು. ಆನ್ ಆಗಿ, ವಾರಗಟ್ಟಲೆ ಓಡಿ, ನಡುವೆ ಸದ್ದಿಲ್ಲದೆ ಒಂದು ಫೈಲ್ ಕೆಡಿಸಿದರೆ? ಅದು ತಿಳಿಯುವುದು ಫೈಲ್ ಬೇಕಾದ ದಿನ. ಚಿಪ್‌ಸೆಟ್ 940ಜಿಎಂಎಲ್ ಆಗಿದ್ದರಂತೂ ಅದಕ್ಕೆ ಒಪ್ಪಿಗೆ ಇರುವುದೇ 533 ಬಸ್‌ಗೆ, ಅಂದರೆ 133ರ ನಾಲ್ಕು ಪಟ್ಟಿಗೆ, ಆಗ ಬೋರ್ಡ್ ಮೇಲೂ ದಬ್ಬಾಳಿಕೆಯೇ.

ನಿಜವಾಗಿ ನನಗೆ ಅರ್ಥವಾಗದ್ದು ಇದು. ಹೀಟ್‌ಸಿಂಕ್ ತೆಗೆದಿದ್ದೀರಿ, ಸ್ಕ್ರೂ ತಿರುಗಿಸಿದ್ದೀರಿ, ಚಿಪ್ ಕೈಯಲ್ಲಿದೆ, ಪೇಸ್ಟ್ ತಂದಿದ್ದೀರಿ. ಅದೇ ಸಾಕೆಟ್ಟಿಗೆ ಕೂರುವ ಕೋರ್ 2 ಡ್ಯುಯೊ ಟಿ5500 ಅನ್ನುವ ಚಿಪ್ ಇದೆ. ಎರಡು ಕೋರ್, 64 ಬಿಟ್, 667 ಬಸ್ ಅದರ ಹುಟ್ಟುಗುಣ, ಸ್ಪೀಡ್‌ಸ್ಟೆಪ್ಪೂ ಉಂಟು. ಬೆಂಗಳೂರಿನವರಾದರೆ ಎಸ್‌ಪಿ ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಕೇಳಿ ನೋಡಿ. ನಿಮ್ಮ ಮಾಡೆಲ್‌ನ ಚಿಪ್‌ಸೆಟ್, ಬಯಾಸ್ ಎರಡೂ ಅದನ್ನು ಒಪ್ಪುತ್ತವಾ ಅಂತ ಮೊದಲು ವಿಚಾರಿಸಿಕೊಳ್ಳಿ, ಹಾರ್ಡ್ ಡಿಸ್ಕ್ ತೆಗೆದು ಸಣ್ಣದೊಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡ್ರೈವ್) ಹಾಕಿ. ಒಪ್ಪದಿದ್ದರೆ ಎಸ್‌ಎಸ್‌ಡಿ ಒಂದೇ ಸಾಕು, ಸೆಲೆರಾನ್ 1.6ರಲ್ಲೇ ಇರಲಿ.