ನಿನ್ನ ಅಮ್ಮನನ್ನು ಎಣಿಸಿದ್ದಾರಾ?

ಆಗಸ್ಟ್ ಹದಿನೈದು ಬಂತೆಂದರೆ ಶಾಲೆ ಶಾಲೆಯಲ್ಲೂ ಅದೇ ಭಾಷಣ: 'ಸ್ವಾತಂತ್ರ್ಯ ಹೋರಾಟದಲ್ಲಿ ಮಹಿಳೆಯರ ಪಾತ್ರ'. ಈ 'ಪಾತ್ರ' ಅನ್ನುವ ಪದ ಕೇಳಿದಾಗೆಲ್ಲ ನನಗೆ ಕಿರಿಕಿರಿ. ನಾಟಕ ಯಾರದ್ದೋ, ಇವರು ನಡುವೆ ಬಂದು ಎರಡು ಮಾತಾಡಿ ಹೋಗುವವರು ಅನ್ನುವ ಹಾಗೆ.

ಇಡೀ ನಾಟಕವೇ ಹೆಂಗಸರದ್ದಾಗಿದ್ದ ಒಂದು ಕತೆ ಹೇಳುತ್ತೇನೆ.

1929ರ ನವೆಂಬರ್. ನೈಜೀರಿಯಾದ ಇಗ್ಬೊ ಜನರ ಸೀಮೆಯ ಒಲೊಕೊ ಅನ್ನುವ ಊರು. ನ್ವಾನ್ಯೆರುವಾ ಎಂಬಾಕೆ ಮನೆಯಲ್ಲಿ ತಾಳೆ ಹಣ್ಣು ಹಿಂಡಿ ಎಣ್ಣೆ ತೆಗೆಯುತ್ತಿದ್ದಳು. ಬ್ರಿಟಿಷರು ಕೂರಿಸಿದ್ದ ಮುಖ್ಯಸ್ಥ ಒಕುಗೊನ ಕಡೆಯವನೊಬ್ಬ ಬಂದ. ನಿನ್ನ ಆಡು, ಕುರಿ, ಮನೆಮಂದಿಯನ್ನೆಲ್ಲ ಎಣಿಸಿ ಹೇಳು ಅಂದ. ಆಕೆ ತಿರುಗಿ ಕೇಳಿದಳು, "ನಿನ್ನ ಅಮ್ಮನನ್ನು ಎಣಿಸಿದ್ದಾರಾ?" ಮಾತಿಗೆ ಮಾತು ಬೆಳೆದು ಕೈ ಕೈ ಹತ್ತಿತು. ಆಕೆಯ ಎಣ್ಣೆಗೈ ಅವನ ಬಟ್ಟೆಗೆಲ್ಲ ಮೆತ್ತಿಕೊಂಡಿತು.

ಆ ಸಿಟ್ಟು ಸುಮ್ನೆ ಬಂದದ್ದಲ್ಲ. ಗಂಡಸರನ್ನೂ ಮೊದಲು ಹೀಗೇ ಎಣಿಸಿ, 1928ರಲ್ಲಿ ತೆರಿಗೆ ಹೇರಿದ್ದರು. ಈಗ ಹೆಂಗಸರ ಸರದಿ ಅನ್ನುವ ಭಯ. ತಾಳೆ ಎಣ್ಣೆಯ ಬೆಲೆ ಬೇರೆ ಬಿದ್ದಿತ್ತು.

ಆಕೆ ಸೀದಾ ಹೆಂಗಸರ ಕೂಟಕ್ಕೆ ಹೋದಳು. ಊರಿಂದೂರಿಗೆ ತಾಳೆ ಗರಿ ಹೋಯಿತು. ಅದೇ ಕರೆಯೋಲೆ. ಹೆಂಗಸರು ಗುಂಪು ಗುಂಪಾಗಿ ಬಂದು ಒಕುಗೊನ ಮನೆ ಸುತ್ತ ನೆರೆದರು. 'ಗಂಡಸಿನ ಮೇಲೆ ಕೂರುವುದು' ಅಂತ ಅಲ್ಲೊಂದು ಹಳೇ ಪದ್ಧತಿ. ಅವನ ಬಾಗಿಲಲ್ಲೇ ಕುಣಿದು, ಅವನನ್ನು ಅಣಕಿಸಿ ಹಾಡಿ, ಒನಕೆಯಿಂದ ಗೋಡೆ ಗುದ್ದುವುದು. ತಪ್ಪಾಯ್ತು ಅನ್ನುವ ತನಕ ಬಿಡುವುದಿಲ್ಲ. (ಒನಕೆ ಅಂದ ಕೂಡಲೇ ನಮಗೆ ಓಬವ್ವ ನೆನಪಾಗುತ್ತಾಳೆ, ಅಲ್ವಾ?) ಒಕುಗೊನ ಅಧಿಕಾರದ ಟೋಪಿಯೂ ಹೋಯಿತು, ಜೈಲೂ ಆಯಿತು.

ಅಲ್ಲಿಂದ ಕಿಚ್ಚು ಹಬ್ಬಿತು. ಬ್ರಿಟಿಷರ ಸ್ಥಳೀಯ ಕೋರ್ಟುಗಳಿಗೆ ಹೆಂಗಸರು ಬೆಂಕಿ ಇಟ್ಟರು. ಡಿಸೆಂಬರಿನಲ್ಲಿ ಪೊಲೀಸರು, ಸೈನಿಕರು ಗುಂಡು ಹಾರಿಸಿದರು. ಐವತ್ತಕ್ಕೂ ಜಾಸ್ತಿ ಹೆಂಗಸರು ಸತ್ತರು, ಒಪೊಬೊ ಅನ್ನುವ ಊರೊಂದರಲ್ಲೇ ಮೂವತ್ತಕ್ಕೂ ಹೆಚ್ಚು.

ಇಷ್ಟಕ್ಕೆ ಬ್ರಿಟಿಷರು ಅಲ್ಲಿನ ಅಬಾ ಪಟ್ಟಣದ ಹೆಸರು ಹಿಡಿದು ಕರೆದದ್ದು 'ಅಬಾ ಗಲಭೆ' ಅಂತ. ಸಂತೆಯಲ್ಲಿ ಯಾರೋ ಜಗಳ ಆಡಿದ ಹಾಗೆ! ಅಲ್ಲಿನ ಹೆಂಗಸರು ಕರೆದದ್ದು 'ಒಗು ಉಮುನ್ವಾನ್ಯಿ', ಹೆಂಗಸರ ಯುದ್ಧ. ನಾನೂ ಹಾಗೇ ಕರೆಯುತ್ತೇನೆ. ಯಾರೂ ಅವರಿಗೆ ಪಾತ್ರ ಹಂಚಿರಲಿಲ್ಲ. ಅವರ ಮುಂದಾಳಾಗಿ ಯಾವ ಗಂಡಸೂ ಇರಲಿಲ್ಲ.

ಆಮೇಲೆ ಹೆಂಗಸರ ಮೇಲೆ ತೆರಿಗೆ ಹಾಕುವ ಮಾತೇ ನಿಂತಿತು. ಬ್ರಿಟಿಷರು ಕಾಗದ ಕೊಟ್ಟು ಕೂರಿಸಿದ್ದ ಮುಖ್ಯಸ್ಥರ ವ್ಯವಸ್ಥೆಯನ್ನೂ ಕೆಲವೇ ವರ್ಷಗಳಲ್ಲಿ ಬದಲಾಯಿಸಬೇಕಾಯಿತು. ಕೆಲವು ಕಡೆ ಸ್ಥಳೀಯ ಕೋರ್ಟುಗಳಲ್ಲಿ ಹೆಂಗಸರಿಗೂ ಕುರ್ಚಿ ಸಿಕ್ಕಿತು.