ಸತ್ಯಾಂಶ: ಅತಿ ಎತ್ತರದ ಶಿಖರವೇ ಅತಿ ಅಪಾಯಕಾರಿಯೇ?

ಎವರೆಸ್ಟ್ ಅತಿ ಎತ್ತರದ್ದಾದ್ದರಿಂದ ಏರಲು ಅದೇ ಅತ್ಯಂತ ಅಪಾಯಕಾರಿ ಪರ್ವತ ಎಂಬ ವಾಟ್ಸ್‌ಆ್ಯಪ್ ಸಂದೇಶ ಸರಿಯಲ್ಲ. ಅಲ್ಲಿ 300ಕ್ಕೂ ಹೆಚ್ಚು ಜನ ಸತ್ತಿರುವುದು ನಿಜವಾದರೂ, ತುದಿ ಮುಟ್ಟಿದವರು ಸಾವಿರಾರು ಮಂದಿ ಇದ್ದಾರೆ. ನೇಪಾಳದ ಅನ್ನಪೂರ್ಣಾ-1 ಶಿಖರ (8,091 ಮೀಟರ್) ಎತ್ತರದಲ್ಲಿ ಹತ್ತನೆಯದು. 1950ರಲ್ಲೇ, ಎವರೆಸ್ಟ್‌ಗಿಂತ ಮೂರು ವರ್ಷ ಮೊದಲು, ಅದನ್ನು ಏರಲಾಗಿತ್ತು. ಆದರೂ 2012ರ ವೇಳೆಗೆ ಸುಮಾರು 190 ಯಶಸ್ವಿ ಆರೋಹಣಗಳಿಗೆ ಎದುರಾಗಿ 60ಕ್ಕೂ ಹೆಚ್ಚು ಸಾವುಗಳು ಅಲ್ಲಿ ಸಂಭವಿಸಿದ್ದವು. ಉತ್ತರ ಮುಖದ ರೂಢಿಯ ಮಾರ್ಗವು ಹಿಮಕುಸಿತವಾಗುವ ಇಳಿಜಾರುಗಳ ಕೆಳಗೇ ಸಾಗುವುದರಿಂದ, ಎಷ್ಟೇ ನುರಿತ ಆರೋಹಿಯ ಕೌಶಲವೂ ಅಲ್ಲಿ ಒಂದು ಮಿತಿಯವರೆಗಷ್ಟೇ ಕೆಲಸಕ್ಕೆ ಬರುತ್ತದೆ. ಹಾಗೆಂದು ‘ಅನ್ನಪೂರ್ಣಾಕ್ಕೆ ಹೋದ ಮೂವರಲ್ಲಿ ಒಬ್ಬರು ಸಾಯುತ್ತಾರೆ’ ಎಂಬ ಇನ್ನೊಂದು ಫಾರ್ವರ್ಡ್ ಕೂಡ ತಪ್ಪೇ: ಶಿಖರ ಮುಟ್ಟದೆ ಹಿಂದಿರುಗಿದವರನ್ನು ಆ ಲೆಕ್ಕ ಬಿಟ್ಟಿದೆ, ಈಚೆಗೆ ಆ ಪ್ರಮಾಣವೂ ತಗ್ಗಿದೆ.